ಒತ್ತೆಯಿಟ್ಟ ರೆಪ್ಪೆತಂತಿ

ಗೋಡೆಯೂ ಬೆವರುವಂಥ ಸೆಕೆಯ ಬೆಳಗು. ಆದರೂ ತಮ್ಮನ ಕೋಣೆಯ ಫ್ಯಾನನ್ನು ಯಾರೋ ಆರಿಸಿದ್ದರು. ಬೀಗದಕ್ಕ ಮೊದಲು ಗಮನಿಸಿದ್ದು ಅದನ್ನು. ಆಮೇಲೆ ದಿಂಬು ಕಣ್ಣಿಗೆ ಬಿತ್ತು. ಸತ್ತವನ ತಲೆಯ ಕೆಳಗೆ ಒಂದರ ಮೇಲೊಂದು ಎರಡು ದಿಂಬು ಇಟ್ಟಿದ್ದರು. ಮುಚ್ಚಿದ ಕಣ್ಣುಗಳ ಮೇಲೆ ಒದ್ದೆ ಹತ್ತಿ ಇತ್ತು.

“ಫ್ಯಾನ್ ಯಾಕೆ ಆರಿಸಿದೀಯ?”

ತಮ್ಮನ ಹೆಂಡತಿ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. “ಇರ್ಲಿ ಬಿಡಿ ಅತ್ತಿಗೆ.”

“ಇರ್ಲಿ ಅಂದ್ರೆ? ಈ ಸೆಕೆಗೆ ಬದುಕಿರೋರೇ ಕೆಟ್ಟು ಹೋಗ್ತೀವಿ.”

“ಗಾಳಿ ತಾಗಬಾರದಂತೆ.”

“ಯಾರು ಹೇಳಿದ್ದು?”

ತಮ್ಮನ ಹೆಂಡತಿ ಎದ್ದು, ಬಟ್ಟಲಿನ ನೀರಿನಲ್ಲಿ ಹತ್ತಿಯನ್ನು ಮತ್ತೆ ಅದ್ದಿ, ಹಿಂಡಿ, ಗಂಡನ ರೆಪ್ಪೆಗಳ ಮೇಲೆ ಇಟ್ಟಳು. ತುಂಬ ಜೋಪಾನವಾಗಿ, ಯಾರೋ ಹೇಳಿಕೊಟ್ಟಿದ್ದನ್ನು ತಪ್ಪದೆ ಮಾಡುವವಳ ಹಾಗೆ. ಬೀಗದಕ್ಕ ಕುರ್ಚಿ ಎಳೆದು ಮಂಚದ ಪಕ್ಕದಲ್ಲೇ ಕೂತಳು.

ಬೀಗದಕ್ಕ ಎನ್ನುವುದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಹುಡುಗಿಯರು ಬೆನ್ನ ಹಿಂದೆ ಇಟ್ಟ ಹೆಸರು. ಬರಬರುತ್ತಾ ಎದುರಿಗೂ ಅದೇ ಆಯಿತು, ಕಡೆಗೆ ಮನೆಯವರೂ ಹಾಗೆಯೇ ಕರೆಯತೊಡಗಿದರು. ಹಾಸ್ಟೆಲ್ಲಿನ ಉಗ್ರಾಣ ಅವಳ ಕೈಯಲ್ಲಿತ್ತು. ಎಣ್ಣೆಯಾಗಲಿ, ಸೋಪಾಗಲಿ ಹೊರಗೆ ಬರಬೇಕಾದರೆ ಅವಳ ಸೊಂಟದ ಕೀಲಿಗೊಂಚಲು ಅಲ್ಲಾಡಬೇಕು. ರಿಪೇರಿಗೆ ಬರುವವರ ವಿಷಯದಲ್ಲಿ ಅವಳದೇ ಒಂದು ಪದ್ಧತಿ ಇತ್ತು. ನಲ್ಲಿಯವನು ಬಂದರೆ ಅವನ ಪಾನಾ ಒಂದನ್ನು ಎತ್ತಿಕೊಂಡು ಉಗ್ರಾಣದಲ್ಲಿಟ್ಟು ಬೀಗ ಹಾಕುವಳು. ನಲ್ಲಿ ತಿರುಗಿಸಿ, ನಿಲ್ಲಿಸಿ, ಇನ್ನು ತೊಟ್ಟಿಕ್ಕುವುದಿಲ್ಲ ಎಂದು ತಾನೇ ನೋಡಿದ ಮೇಲೆ ಪಾನಾ ವಾಪಸ್ಸು. ಕರೆಂಟಿನವನಾದರೆ ಟೆಸ್ಟರು, ಬಡಗಿಯಾದರೆ ಉಳಿ. “ಒತ್ತೆ ಇಟ್ಕೊಂಡ್ರೆ ಕೆಲಸ ನೆಟ್ಟಗಾಗತ್ತೆ” ಎನ್ನುವಳು. ತಪಾಸಣೆಗೆ ಬಂದ ಹಲ್ಲಿನ ಡಾಕ್ಟರ ಇಕ್ಕಳವನ್ನೂ ಒಮ್ಮೆ ಎತ್ತಿಟ್ಟುಕೊಂಡಿದ್ದಳಂತೆ ಎಂದು ಹುಡುಗಿಯರು ಹೇಳಿಕೊಂಡು ನಗುತ್ತಿದ್ದರು. ಅದು ಸುಳ್ಳು. ಆದರೆ ಕೇಳಿದವರೆಲ್ಲ ನಂಬಿದರು.

ಬೀಗದಕ್ಕನ ತಮ್ಮ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿಗೆ ಹೊರಡಲು ಶೂ ಹಾಕಿಕೊಳ್ಳುತ್ತ ಕೂತವನು ಹಾಗೆಯೇ ಪಕ್ಕಕ್ಕೆ ವಾಲಿದ್ದ. ಮೂಲೆ ಮನೆಯ ಡಾಕ್ಟರು ಬಂದು, ನೋಡಿ, ತಲೆ ಅಲ್ಲಾಡಿಸಿ ಹೋಗಿದ್ದರು. ಒಬ್ಬಳೇ ಮಗಳು, ದೂರದ ಊರಿನಲ್ಲಿ ಶಿಶುವಿಹಾರದ ಟೀಚರು, ಈಗ ರೈಲಿನಲ್ಲಿದ್ದಳು. ಸಂಜೆಗೆ ಬಂದು ಮುಟ್ಟಬೇಕು. ಅವಳು ರೈಲು ಹತ್ತಿದ ಮೇಲೆ ಫೋನ್ ಮಾಡಿದ್ದು ಅತ್ತೆಗೆ.

“ಅತ್ತೆ, ಅಮ್ಮ ಮಾತಾಡೋ ಸ್ಥಿತೀಲಿಲ್ಲ. ನಾನು ಬರೋವರೆಗೂ ಅಪ್ಪನ ಮುಖ ಹೇಗಿದೆಯೋ ಹಾಗೇ ಇರಬೇಕು. ನೀವು ಪಕ್ಕದಲ್ಲೇ ಇರಿ.”

“ಇರ್ತೀನಿ ಮಗಳೇ. ಯಾರನ್ನೂ ಮುಟ್ಟೋಕೆ ಬಿಡಲ್ಲ.”

ಅದು ಕೊಟ್ಟ ಮಾತು. ಆ ಕ್ಷಣದಿಂದ ತಮ್ಮನ ಮುಖ ಬೀಗದಕ್ಕನ ಉಸ್ತುವಾರಿಗೆ ಬಂದಿತ್ತು. ಉಬ್ಬಿದ ಮೂಗು, ಹಣೆಯ ಮೇಲೆ ಟೋಪಿಯಂಚಿನ ಗೆರೆ, ಬಿಸಿಲು ತಾಗಿ ಕಪ್ಪಾದ ಬಲಗೆನ್ನೆ, ತುಸು ಬಿಳಿಯಾಗಿಯೇ ಉಳಿದ ಎಡಗೆನ್ನೆ. ಎಲ್ಲವನ್ನೂ ಒಂದು ಸಲ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು.

ಮೇಲ್ಮಹಡಿಯ ರಿಟೈರ್ಡ್ ಪೋಸ್ಟ್‌ಮಾಸ್ಟರು ಬಾಗಿಲಲ್ಲಿ ತಲೆ ಹಾಕಿದರು. “ಕೆಳಗೆ ಕಣ್ಣಾಸ್ಪತ್ರೆ ಗಾಡಿ ನಿಂತಿದೆಯಲ್ಲ. ಈ ಬಿಲ್ಡಿಂಗ್‌ನಲ್ಲಿ ಕಣ್ಣಿನ ಕಾಯಿಲೆ ಯಾರಿಗಪ್ಪ?”

ತಮ್ಮನ ಹೆಂಡತಿ ಸರಕ್ಕನೆ ಬಾಗಿಲ ಕಡೆ ತಿರುಗಿದಳು. ಬೀಗದಕ್ಕನಿಗೆ ಫ್ಯಾನು, ದಿಂಬು, ಹತ್ತಿ ಮೂರೂ ಒಟ್ಟಿಗೆ ಅರ್ಥವಾದವು.

“ಏನೇ ಇದು?”

“ಅವರೇ ಹೇಳಿದ್ರು ಅತ್ತಿಗೆ. ಹೋದ ವರ್ಷ ಡಿಪೋದಲ್ಲಿ ಕಣ್ಣು ಪರೀಕ್ಷೆ ಮಾಡಿದ್ರಲ್ಲ, ಆಗಲೇ ಕಣ್ಣು ದಾನ ಕೊಡ್ತೀನಿ ಅಂತ ಒಪ್ಪಿ ಬಂದಿದ್ರು. ನಾನು ಸತ್ತ ತಕ್ಷಣ ಫೋನ್ ಮಾಡು, ತಡ ಮಾಡಬೇಡ ಅಂದಿದ್ರು.”

“ನನಗೆ ಹೇಳಲಿಲ್ಲ.”

“ನಿಮಗೆ ಹೇಳೋಕೆ ಹೆದರಿಕೆ ಅವರಿಗೆ.”

“ನಾನೇನು ಹುಲಿನಾ?”

“‘ಅಕ್ಕನಿಗೆ ಗೊತ್ತಾದ್ರೆ ನನ್ನ ಕಣ್ಣಿಗೂ ಬೀಗ ಹಾಕ್ತಾಳೆ’ ಅಂತಿದ್ರು.”

ಅದು ತಮ್ಮನದೇ ಮಾತಿನ ಧಾಟಿ. ಅವನು ಬಾಯಿ ಬಿಟ್ಟು ಹೇಳಿದಂತೆಯೇ ಇತ್ತು. ಆದರೂ ಬೀಗದಕ್ಕ ನಂಬಲಿಲ್ಲ. ಇಷ್ಟು ವರ್ಷ ಜೊತೆಗಿದ್ದ ಹೆಂಡತಿಗೆ ಗಂಡನ ಧಾಟಿ ಎತ್ತುವುದು ಎಷ್ಟು ಹೊತ್ತಿನ ಕೆಲಸ? ಅವನು ಹೊಸ ಚಪ್ಪಲಿ ಕೊಂಡರೂ ಅಕ್ಕನ ಮನೆಯ ಮುಂದೆ ಒಂದು ಸುತ್ತು ನಡೆದು ತೋರಿಸಿ ಹೋಗುವವನು. ಕಣ್ಣು ಕೊಡುವ ಮಾತನ್ನು ಹೇಳದೆ ಇರುತ್ತಾನೆಯೆ?

“ಮಗಳು ಬಂದು ನೋಡ್ಲಿ, ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ” ಎಂದಳು.

“ಅಷ್ಟೊತ್ತಿಗೆ ಕಣ್ಣು ಉಪಯೋಗಕ್ಕೆ ಬರಲ್ವಂತೆ.”

“ನಮ್ಮ ಷಡ್ಡಕನ ಊರಲ್ಲಿ ಹೀಗೇ ಆಯ್ತಮ್ಮ” ಪೋಸ್ಟ್‌ಮಾಸ್ಟರು ಬಾಗಿಲಲ್ಲಿ ನಿಂತೇ ಒಗ್ಗರಣೆ ಹಾಕಿದರು. “ಕಣ್ಣು ಅಂತ ಬಂದ್ರು. ಏನೇನು ತಗೊಂಡು ಹೋದ್ರೋ ಯಾರಿಗೆ ಗೊತ್ತು. ಮುಖ ಅಂತೂ ನೋಡೋ ಹಾಗಿರಲಿಲ್ಲ.”

“ನೀವು ನೋಡಿದ್ರಾ?” ತಮ್ಮನ ಹೆಂಡತಿ ಕೇಳಿದಳು.

“ನಾನು ಹೋಗಿರಲಿಲ್ಲ. ಹೇಳಿದ್ರು.”

ಆ ಹೊತ್ತಿಗೆ ಕಣ್ಣಾಸ್ಪತ್ರೆಯ ಟೆಕ್ನಿಷಿಯನ್ ಮೆಟ್ಟಿಲು ಹತ್ತಿ ಬಂದಳು. ನಡುವಯಸ್ಸಿನ ಹೆಂಗಸು, ಒಂದು ಕೈಯಲ್ಲಿ ಉಕ್ಕಿನ ಪೆಟ್ಟಿಗೆ, ಇನ್ನೊಂದರಲ್ಲಿ ಐಸಿನ ಡಬ್ಬಿ. ಎರಡನ್ನೂ ಕೆಳಗಿಟ್ಟು, ಮಂಚದ ಹತ್ತಿರ ಬಂದು ತುಸು ಹೊತ್ತು ತಲೆ ತಗ್ಗಿಸಿ ನಿಂತಳು. ಬೀಗದಕ್ಕ ನೋಡುತ್ತಿದ್ದುದು ಡಬ್ಬಿಯನ್ನು. ಎರಡು ಕಣ್ಣಿಗೆ ಇಷ್ಟು ದೊಡ್ಡ ಡಬ್ಬಿ ಯಾಕೆ?

“ಮನೆಯವರು ಹೊರಗಿದ್ರೆ ಒಳ್ಳೇದು. ನೋಡೋಕೆ ಕಷ್ಟ ಆಗತ್ತೆ.”

“ನಾನಿರ್ತೀನಿ” ಎಂದಳು ಬೀಗದಕ್ಕ.

“ನೀವು ಏನಾಗಬೇಕು?”

“ಇವನನ್ನ ಎತ್ತಿ ಆಡಿಸಿದವಳು.”

ಟೆಕ್ನಿಷಿಯನ್ ತಮ್ಮನ ಹೆಂಡತಿಯ ಮುಖ ನೋಡಿದಳು. ತಮ್ಮನ ಹೆಂಡತಿ, ಬೇಡವೆಂದರೆ ಕೆಲಸವೇ ನಿಲ್ಲುತ್ತದೆಂದು ಬಲ್ಲವಳ ಹಾಗೆ, ಆಗಲಿ ಎಂದು ಸನ್ನೆ ಮಾಡಿದಳು.

“ಕೂತ್ಕೊಳ್ಳಿ. ಆದ್ರೆ ಏನನ್ನೂ ಮುಟ್ಟಬಾರದು.”

ಬಾಗಿಲು ಹಾಕಿದ ಮೇಲೆ ಟೆಕ್ನಿಷಿಯನ್ ಮೊದಲು ಮಾಡಿದ್ದು ಸತ್ತವನ ತೋಳಿಗೆ ಸೂಜಿ ಚುಚ್ಚಿದ್ದು.

“ಕಣ್ಣು ಅಂದ್ರಲ್ಲ. ರಕ್ತ ಯಾಕೆ?”

“ಯಾವುದಾದ್ರೂ ಸೋಂಕು ಇದೆಯಾ ಅಂತ ನೋಡಬೇಕಮ್ಮ. ಇನ್ನೊಬ್ಬರಿಗೆ ಹಾಕೋದಲ್ವಾ.”

“ನನ್ನ ತಮ್ಮನಿಗೆ ನೆಗಡಿ ಬಿಟ್ರೆ ಇನ್ನೇನೂ ಇರಲಿಲ್ಲ.”

“ಒಳ್ಳೇದು” ಎಂದಳೇ ಹೊರತು ಸೂಜಿ ತೆಗೆಯಲಿಲ್ಲ.

ಹಸಿರು ಬಟ್ಟೆ ಹಾಸಿ, ಕೈ ತೊಳೆದು, ಗ್ಲೌಸು ಹಾಕಿಕೊಂಡು ಒಂದು ಪೊಟ್ಟಣ ಬಿಚ್ಚಿದಳು. ಚಿಮಟ, ಕತ್ತರಿ, ಬ್ಲೇಡು. ಅವುಗಳ ನಡುವೆ ಒಂದು ಬಾಗಿಸಿದ ತಂತಿ.

“ಅದೇನು? ತಲೆಗೆ ಹಾಕೋ ಪಿನ್ನಿನ ಹಾಗಿದೆ.”

“ರೆಪ್ಪೆ ಬಿಡಿಸಿ ಹಿಡಿಯೋ ತಂತಿ. ಸ್ಪೆಕ್ಯುಲಮ್ ಅಂತೀವಿ.”

“ಸತ್ತವನಿಗೆ ಯಾಕೆ? ಅವನೇನು ಕಣ್ಣು ಮುಚ್ಕೊಂಡು ಹಠ ಮಾಡ್ತಾನಾ?”

“ಹಠ ಮಾಡೋರು ಬದುಕಿರೋರು. ಆದ್ರೂ ರೆಪ್ಪೆ ಜಾರತ್ತಮ್ಮ. ಕೂದಲು ಒಂದು ತಾಗಿದ್ರೂ ಎಲ್ಲಾ ಹಾಳು. ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ತೆಳು ಪದರ ಇದೆ, ಅದನ್ನ ಮಾತ್ರ ತಗೀತೀನಿ. ಗುಡ್ಡೆ ಹಾಗೇ ಇರತ್ತೆ. ಮೇಲೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇಟ್ಟು ರೆಪ್ಪೆ ಮುಚ್ಚಿದ್ರೆ ಗೊತ್ತೇ ಆಗಲ್ಲ.”

ಗೊತ್ತೇ ಆಗಲ್ಲ. ಹಾಸ್ಟೆಲ್ಲಿನ ಸೋರುವ ಸೂರಿಗೆ ತೇಪೆ ಹಾಕಿದವನೂ ಇದೇ ಮಾತು ಹೇಳಿದ್ದ.

ಟೆಕ್ನಿಷಿಯನ್ ಬಲಗಣ್ಣನ್ನು ಔಷಧಿಯಿಂದ ತೊಳೆದಳು. ತಂತಿಯ ಎರಡು ತೋಳುಗಳನ್ನು ಬೆರಳಲ್ಲಿ ಅಮುಕಿ, ಮೇಲಿನ ರೆಪ್ಪೆಯ ಕೆಳಗೊಂದು, ಕೆಳಗಿನ ರೆಪ್ಪೆಯ ಒಳಗೊಂದು ಜಾರಿಸಿ, ಬೆರಳು ಸಡಿಲಿಸಿದಳು. ತಂತಿ ತಾನಾಗಿ ಅಗಲವಾಯಿತು. ತಮ್ಮನ ಕಣ್ಣು ತೆರೆದು ಚಾವಣಿಯನ್ನು ದಿಟ್ಟಿಸಿತು. ಬದುಕಿದ್ದಾಗ ಅವನು ಹಾಗೆ ಕಣ್ಣರಳಿಸಿದ್ದೇ ಇಲ್ಲ. ಎದುರು ಬಿಸಿಲಿಗೆ, ಧೂಳಿಗೆ, ಕಿರಿದು ಮಾಡಿಕೊಂಡೇ ರೂಢಿಯಾಗಿದ್ದ ಕಣ್ಣು ಅದು. ಮಗಳು ಬಂದಾಗ ಇದು ಹೀಗೇ ತೆರೆದು ನಿಂತಿದ್ದರೆ?

ಟೆಕ್ನಿಷಿಯನ್ ಬಾಗಿದಳು. ಈಗ ಕಾಣುತ್ತಿದ್ದುದು ಅವಳ ಬೆನ್ನು ಮಾತ್ರ. ಬೀಗದಕ್ಕ ಕತ್ತು ಚಾಚಿದಳು, ಕುರ್ಚಿಯಲ್ಲೇ ಆ ಕಡೆ ಸರಿದಳು. ಅಲ್ಲಿಂದಲೂ ಬೆನ್ನೇ. ಕತ್ತರಿಯ ಸಣ್ಣ ಸದ್ದು. ಬೇಕೆಂದೇ ಹೀಗೆ ಅಡ್ಡ ನಿಂತಿದ್ದಾಳೆ ಅನ್ನಿಸಿತು. ಹಾಲ್‌ನಲ್ಲಿ ಪೋಸ್ಟ್‌ಮಾಸ್ಟರು ಯಾರಿಗೋ ಷಡ್ಡಕನ ಊರಿನ ಕತೆ ಹೇಳುತ್ತಿದ್ದುದು ಕೇಳಿಸುತ್ತಿತ್ತು.

ಕೆಲಸ ಮುಗಿದಿರಬೇಕು. ಟೆಕ್ನಿಷಿಯನ್ ಏನನ್ನೋ ಒಂದು ಸಣ್ಣ ಸೀಸೆಗೆ ಇಳಿಸಿ, ಮುಖದ ಮೇಲೆ ಕೈಯಾಡಿಸಿ, ಎರಡನೆಯ ಪೊಟ್ಟಣ ಬಿಚ್ಚಿ ಎಡಗಣ್ಣಿನ ಸಲಕರಣೆಗಳನ್ನು ಬಟ್ಟೆಯ ಮೇಲೆ ಹರವಿದಳು. ಆಮೇಲೆ ಸೀಸೆಯ ಮುಚ್ಚಳ ಬಿಗಿ ಮಾಡಲು ಡಬ್ಬಿಯ ಕಡೆ ತಿರುಗಿದಳು.

ಬೀಗದಕ್ಕ ಯೋಚಿಸಲಿಲ್ಲ. ಜೀವಮಾನವೆಲ್ಲ ಮಾಡಿದ್ದನ್ನೇ ಕೈ ಮಾಡಿತು. ಎದ್ದು, ಬಟ್ಟೆಯ ಮೇಲಿನ ತಂತಿಯನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಟೆಕ್ನಿಷಿಯನ್ ತಿರುಗಿ ನೋಡಿ, ಅಲ್ಲೇ ನಿಂತಳು. “ಅಮ್ಮ. ಅದನ್ನ ಯಾಕೆ ತಗೊಂಡ್ರಿ?”

“ಮೊದಲನೇದು ನೆಟ್ಟಗೆ ಮುಚ್ಚಿದೆಯಾ ನೋಡ್ತೀನಿ. ಆಮೇಲೆ ಕೊಡ್ತೀನಿ. ಅಲ್ಲೀವರೆಗೂ ಇದು ನನ್ನ ಹತ್ರ ಒತ್ತೆ.”

ಟೆಕ್ನಿಷಿಯನ್ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಬೀಗದಕ್ಕ ಬಾಗಿ ನೋಡಿದಳು. ಬಲಗಣ್ಣು ಮುಚ್ಚಿತ್ತು. ಉಬ್ಬು ಸರಿಯಿತ್ತು. ರೆಪ್ಪೆಕೂದಲು ಒಂದರ ಪಕ್ಕ ಒಂದು ಮಲಗಿದ್ದವು. ಎಡಗಡೆಗೂ ಬಲಗಡೆಗೂ ನಾಲ್ಕು ಸಲ ಕಣ್ಣಾಡಿಸಿದಳು. ಯಾವುದು ಮುಗಿದ ಕಣ್ಣು, ಯಾವುದು ಆಗಬೇಕಾದ ಕಣ್ಣು ಎಂದು ಹೊಸಬರಿಗೆ ತಿಳಿಯುವಂತಿರಲಿಲ್ಲ.

“ಸರಿ” ಎಂದು ಮುಷ್ಟಿ ಬಿಚ್ಚಿ ತಂತಿಯನ್ನು ಚಾಚಿದಳು. “ತಗೋ.”

ಟೆಕ್ನಿಷಿಯನ್ ಕೈ ನೀಡಲಿಲ್ಲ. “ಇನ್ನು ಅದು ಉಪಯೋಗಕ್ಕೆ ಬರಲ್ಲ. ಬರಿಗೈಲಿ ಮುಟ್ಟಿದ್ರಿ.”

“ಕೈ ತೊಳ್ಕೊಂಡಿದೀನಿ.”

“ಸಾಲದು.”

“ಕುದಿಸಿ ಕೊಡ್ತೀನಿ.”

“ಮನೇಲಿ ಕುದಿಸಿದ್ರೆ ಆಗಲ್ಲಮ್ಮ. ಆಸ್ಪತ್ರೆಯ ಮೆಷಿನ್ನಲ್ಲೇ ಆಗಬೇಕು.”

“ಆ ಕಣ್ಣಿಗೆ ಹಾಕಿದ್ದಿದೆಯಲ್ಲ.”

“ಒಂದು ಕಣ್ಣಿಗೆ ಹಾಕಿದ್ದು ಇನ್ನೊಂದಕ್ಕೆ ಹಾಕೋ ಹಾಗಿಲ್ಲ. ಇದರಲ್ಲೇನಾದ್ರೂ ಇದ್ರೆ ಅದಕ್ಕೂ ಅಂಟತ್ತೆ. ಇಬ್ಬರು ಬೇರೆ ಬೇರೆ ಜನಕ್ಕೆ ಹೋಗೋದು ಇವು.”

ಬೀಗದಕ್ಕ ಅವಳ ಮುಖವನ್ನೇ ನೋಡಿದಳು. ಇದೇನಾದರೂ ನೆಪವೆ? ತನ್ನನ್ನು ಹೊರಗೆ ಕಳಿಸಲು ಹೂಡಿದ ಆಟವೆ? ಆದರೆ ಆ ಹೆಂಗಸು ಆಗಲೇ ಚಿಮಟ, ಕತ್ತರಿಗಳನ್ನು ಒಂದೊಂದಾಗಿ ಬಟ್ಟೆಯೊಳಗೆ ಮಡಚುತ್ತಿದ್ದಳು. ಆಟ ಹೂಡಿದವರ ಮುಖ ಹೀಗೆ ಬಾಡುವುದಿಲ್ಲ.

“ಮತ್ತೆ ಎಡಗಣ್ಣು?”

“ಆಗಲ್ಲ. ಒಂದೇ ತಗೊಂಡು ಹೋಗ್ತೀನಿ. ಆಸ್ಪತ್ರೆಗೆ ಹೋಗಿ ಇನ್ನೊಂದು ತಂತಿ ತರೋ ಹೊತ್ತಿಗೆ ತಡ ಆಗತ್ತೆ. ಈ ಸೆಕೆ ನೋಡಿ.” ಬಟ್ಟೆಯ ಇನ್ನೊಂದು ಅಂಚು ಮಡಚುತ್ತ ಹೇಳಿದಳು, “ಕಣ್ಣು ಹಾಕಿಸ್ಕೊಳ್ಳೋಕೆ ಇಬ್ಬರಿಗೆ ಬರೋಕೆ ಹೇಳಿದಾರೆ. ಒಬ್ಬರನ್ನ ವಾಪಸ್ ಕಳಿಸ್ತಾರೆ.”

ಮಾತು ಕೇಳಿಸಿರಬೇಕು. ತಮ್ಮನ ಹೆಂಡತಿ ಬಾಗಿಲು ತೆರೆದು ಒಳಗೆ ಬಂದಳು. ಬೀಗದಕ್ಕನ ಅಂಗೈಯ ತಂತಿಯನ್ನೂ ಬಟ್ಟೆ ಮಡಚುವ ಕೈಯನ್ನೂ ನೋಡಿ ಎಲ್ಲ ಅರ್ಥ ಮಾಡಿಕೊಂಡಳು. ಬೈಯಲಿಲ್ಲ. “ಎರಡೂ ಅಂದಿದ್ರು ಅತ್ತಿಗೆ” ಎಂದಳು. “‘ಒಂದು ಕಣ್ಣಲ್ಲಿ ಬಸ್ ಓಡಿಸೋಕಾಗತ್ತೇನೇ, ಕೊಟ್ರೆ ಎರಡೂ ಕೊಡು’ ಅಂತ.”

ಈ ಸಲ ಅನುಮಾನಕ್ಕೆ ಜಾಗ ಇರಲಿಲ್ಲ. ಬೆಳಗಿನಿಂದ ಬೀಗದಕ್ಕ ಕಾದದ್ದು ಮುಖವನ್ನು. ಆ ಮುಖದವನ ಮಾತನ್ನು ಕಾಯುತ್ತಿದ್ದವಳು ಅವನ ಹೆಂಡತಿ, ತಾನು ಅದಕ್ಕೆ ಅಡ್ಡಗಾಲು ಹಾಕಿದ್ದೆ ಎಂಬುದು ಮೆಲ್ಲಗೆ ಮನಸ್ಸಿಗಿಳಿಯಿತು. ಅಂಗೈಯಲ್ಲಿ ತಂತಿ ಬೆಚ್ಚಗಾಗಿತ್ತು.

“ತಂತಿ ಇಲ್ದೆ ಆಗೋದೇ ಇಲ್ವಾ?” ಬೀಗದಕ್ಕ ಕೇಳಿದಳು. “ಬೆರಳಲ್ಲಿ ಹಿಡ್ಕೊಂಡ್ರೆ?”

“ನನ್ನ ಎರಡು ಕೈಗೂ ಕೆಲಸ ಇದೆ. ಇನ್ನೊಬ್ಬರು ಹಿಡೀಬೇಕು. ನಮ್ಮ ಡ್ರೈವರಿಗೆ ರಕ್ತ ಕಂಡ್ರೆ ತಲೆ ಸುತ್ತತ್ತೆ.” ಟೆಕ್ನಿಷಿಯನ್ ತಮ್ಮನ ಹೆಂಡತಿಯ ಕೈ ನೋಡಿದಳು. ಅದು ಬಾಗಿಲ ಚೌಕಟ್ಟನ್ನು ಹಿಡಿದಿದ್ದರೂ ನಡುಗುತ್ತಿತ್ತು.

“ನಾನು ಹಿಡೀತೀನಿ.”

ಟೆಕ್ನಿಷಿಯನ್ ಬೀಗದಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. ಬೆಳಗಿನಿಂದ ಬೀಗದಕ್ಕ ಅವಳನ್ನು ನೋಡುತ್ತಿದ್ದ ನೋಟವೇ ಅದು. “ನಡುವೆ ಕೈ ಬಿಟ್ರೆ ಪದರ ಹರಿದು ಹೋಗತ್ತೆ. ಏನನ್ನೂ ಮುಟ್ಟಬೇಡಿ ಅಂದಿದ್ದೆ, ಮುಟ್ಟಿದ್ರಿ. ನಿಮ್ಮನ್ನ ಹೇಗೆ ನಂಬಲಿ?”

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಬೀಗದಕ್ಕ ಬೇರೆಯವರಿಗೆ ಕೇಳಿದ್ದೇ ಹೊರತು ಅವಳಿಗೆ ಯಾರೂ ಕೇಳಿರಲಿಲ್ಲ.

“ನಂಬಬೇಡಿ” ಎಂದಳು. “ನಾನು ಕೈ ಬಿಡ್ತೀನಿ ಅಂದ್ಕೊಂಡೇ ನೋಡ್ತಾ ಇರಿ.”

ಟೆಕ್ನಿಷಿಯನ್‌ಗೆ ನಗು ಬಂದಂತಾಯಿತು. ಮಡಚಿದ ಬಟ್ಟೆ ಬಿಚ್ಚಿದಳು. ಮೊಳಕೈವರೆಗೆ ಕೈ ಉಜ್ಜಿಸಿದಳು, ಕಂದು ಬಣ್ಣದ ಔಷಧಿ ಬಳಿಸಿದಳು, ಎಲ್ಲೂ ತಾಗದ ಹಾಗೆ ಗ್ಲೌಸು ತೊಡಿಸಿದಳು. ಮೂಗು ಬಾಯಿಗೆ ಮಾಸ್ಕು ಕಟ್ಟಿದಳು. ಬೆರಳಿನ ಕೆಳಗೆ ಜಾರದಿರಲೆಂದು ಬ್ಯಾಂಡೇಜಿನ ತೆಳುಬಟ್ಟೆಯ ಎರಡು ತುಂಡು ಕೊಟ್ಟಳು. “ಗುಡ್ಡೆ ಮೇಲೆ ಒತ್ತಬಾರದು. ಹುಬ್ಬಿನ ಮೂಳೆ ಮೇಲೆ ಒಂದು ಬೆರಳು, ಕೆನ್ನೆ ಮೂಳೆ ಮೇಲೆ ಇನ್ನೊಂದು. ಚರ್ಮ ಸರಿಸಿ ಮೂಳೆಗೆ ಒತ್ತಿ ಹಿಡೀರಿ. ನಾನು ಬಿಡಿ ಅನ್ನೋವರೆಗೂ ಬಿಡಬಾರದು. ನೋಡೋಕಾಗದಿದ್ರೆ ಕಣ್ಣು ಮುಚ್ಕೊಳ್ಳಿ, ಬೆರಳು ಮಾತ್ರ ಅಲ್ಲಾಡಬಾರದು.”

ಬೀಗದಕ್ಕ ಮಂಚದ ತಲೆಯ ಕಡೆ ನಿಂತು ಬಾಗಿದಳು. ರೆಪ್ಪೆ ತಣ್ಣಗಿತ್ತು, ಹಗುರಾಗಿತ್ತು. ಸರಿಸಿದರೆ ಸುಮ್ಮನೆ ಸರಿಯಿತು. ಅದೇ ಅವಳಿಗೆ ತಡೆಯಲಾಗದ್ದು. ಚಿಕ್ಕವನಿದ್ದಾಗ ಕೆಂಗಣ್ಣು ಬಂದು, ಔಷಧಿಯ ಹನಿ ಬಿಡಲು ಇವನ ರೆಪ್ಪೆ ಬಿಡಿಸುವುದೆಂದರೆ ಯುದ್ಧ. ಅವನು ಕೈಕಾಲು ಬಡಿದು, “ಅಕ್ಕ ಕಣ್ಣು ಕಿತ್ತಾಕ್ತಾಳೆ” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಬಿಗಿಯಾಗಿ ಮುಚ್ಚಿಕೊಂಡ ರೆಪ್ಪೆಗಳನ್ನು ಇದೇ ಎರಡು ಬೆರಳಲ್ಲಿ ಬಿಡಿಸಬೇಕಿತ್ತು. ಈಗ ಒಂದಿಷ್ಟೂ ತಡೆ ಇಲ್ಲ. ಸ್ವಲ್ಪವಾದರೂ ಹಠ ಮಾಡಬಾರದೇನೋ, ಎಂದುಕೊಂಡಳು.

ಕಣ್ಣು ಮುಚ್ಚಿಕೊಳ್ಳಲಿಲ್ಲ. ಈಗ ಅಡ್ಡ ಬರುವ ಬೆನ್ನು ಇರಲಿಲ್ಲ. ಬ್ಲೇಡು ಕರಿಗುಡ್ಡೆಯ ಸುತ್ತ ತಿರುಗುವುದನ್ನು, ಕತ್ತರಿ ಅದರ ಹಿಂದೆ ಸಾಗುವುದನ್ನು, ನೀರಿನ ಗುಳ್ಳೆಯ ಮೇಲ್ಪದರದಂಥದೊಂದು ಚಿಮಟದ ತುದಿಯಲ್ಲಿ ಏಳುವುದನ್ನು ಕಂಡಳು. ಟೆಕ್ನಿಷಿಯನ್ ಉಸಿರು ಹಿಡಿದಿದ್ದಳು. ಬೆರಳು ಜೋಮು ಹಿಡಿಯಿತು, ಸೊಂಟ ಹಿಡಿಯಿತು. ಹಣೆಯ ಬೆವರು ತಮ್ಮನ ಮುಖದ ಮೇಲೆ ಬಿದ್ದೀತೆಂದು ತಮ್ಮನ ಹೆಂಡತಿ ಹಿಂದಿನಿಂದ ಬಂದು ಕರವಸ್ತ್ರದಲ್ಲಿ ಅದನ್ನು ಒತ್ತಿ ಒರೆಸಿದಳು.

“ಬಿಡಿ.”

ಬಿಡಲಿಲ್ಲ.

“ಆಯ್ತಮ್ಮ, ಬಿಡಿ. ಬಿಲ್ಲೆ ಇಟ್ಟಿದೀನಿ. ಮುಚ್ಚಬೇಕು.”

“ನಾನೇ ಮುಚ್ಚಲಾ?”

ಟೆಕ್ನಿಷಿಯನ್ ಒಪ್ಪಿದಳು.

ಸಂಜೆ ಮಗಳು ಚೀಲವನ್ನು ಹೆಗಲಿನಿಂದ ಇಳಿಸದೆಯೇ ಒಳಗೆ ಬಂದಳು. ಅದಕ್ಕಿಂತ ಮುಂಚೆ ಮೆಟ್ಟಿಲಲ್ಲೇ ಪೋಸ್ಟ್‌ಮಾಸ್ಟರು ಸಿಕ್ಕಿದ್ದರು. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

“ಬಾಗಿಲು ಹಾಕ್ಕೊಂಡು ಅಪ್ಪನಿಗೆ ಏನೋ ಮಾಡಿದ್ರಂತೆ. ಅತ್ತೆ, ಯಾರನ್ನೂ ಮುಟ್ಟೋಕೆ ಬಿಡಲ್ಲ ಅಂದಿದ್ರಿ.”

“ಅಂದಿದ್ದೆ. ಬಿಟ್ಟೆ.” ಬೀಗದಕ್ಕ ಕುರ್ಚಿಯಿಂದ ಏಳಲಿಲ್ಲ. “ನಿಮ್ಮಪ್ಪ ಎರಡೂ ಕಣ್ಣು ಕೊಟ್ಟ. ಬಲಗಣ್ಣು ತಗೊಳ್ಳೋವಾಗ ನಾನು ಅವರನ್ನ ನಂಬಲಿಲ್ಲ. ತಂತಿ ಕಿತ್ಕೊಂಡೆ. ಅದರಿಂದ ಎಡಗಣ್ಣು ತಗೊಳ್ಳೋವಾಗ ರೆಪ್ಪೆ ಹಿಡ್ಕೊಳ್ಳೋಕೆ ಬೇರೆ ಏನೂ ಇರಲಿಲ್ಲ. ನಾನೇ ಹಿಡ್ಕೊಂಡೆ. ಬಾ, ನೋಡು.”

ಮಗಳು ಬಂದಳು. ಬಲಗಣ್ಣನ್ನು ನೋಡಿದಳು, ಎಡಗಣ್ಣನ್ನು ನೋಡಿದಳು, ಹಣೆ, ಮೂಗು, ಒಂದು ಕಪ್ಪು ಒಂದು ಬಿಳಿ ಕೆನ್ನೆ. ಬಹಳ ಹೊತ್ತು ನೋಡಿದಳು. ಏನನ್ನೋ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. ಬೀಗದಕ್ಕ ಕಾದಳು. ಬಾಗಿಲಲ್ಲಿ ಪೋಸ್ಟ್‌ಮಾಸ್ಟರೂ ಕತ್ತು ಚಾಚಿ ಕಾದರು.

“ಎಡಗಡೆ ಹುಬ್ಬು ಸ್ವಲ್ಪ ಕೆದರಿದೆ” ಎಂದಳು ಮಗಳು.

“ಅದು ನನ್ನ ಬೆರಳು.”

ಮಗಳು ತೋರುಬೆರಳಿನಿಂದ ಅಪ್ಪನ ಹುಬ್ಬನ್ನು ನೇವರಿಸಿ ಸರಿಮಾಡಿದಳು. ಆಮೇಲೆ ಚೀಲ ಇಳಿಸಿದಳು. “ಅಪ್ಪ ನಿಮಗೆ ಹೇಳಿದ್ರಾ ಅತ್ತೆ, ಹೀಗೆ ಕೊಡ್ತೀನಿ ಅಂತ?”

“ಇಲ್ಲ.”

“ನನಗೂ ಹೇಳಿರಲಿಲ್ಲ.”

“ಹೇಳಿದ್ರೆ ನಾವಿಬ್ಬರೂ ಬೇಡ ಅಂತಿದ್ವಿ” ಎಂದು ಬೀಗದಕ್ಕ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಇಬ್ಬರಿಗೆ ಸಾಲುವ ಕುರ್ಚಿ ಅದಲ್ಲ. ಆದರೂ ಮಗಳು ಬಂದು ಒತ್ತಿಕೊಂಡು ಕೂತಳು.